ಎಲೆಯಲ್ಲಿ ಬಿಟ್ಟ ಎರಡು ಒಬ್ಬಟ್ಟು

ನವೆಂಬರ್ 3, 2025, ಸೋಮವಾರ

ತಿಂದದ್ದೆಲ್ಲ ಬರೆದಿಡಿ, ತಿಂದ ಮೇಲೆ ಹೇಗಾಯಿತು ಎಂದೂ ಬರೆದಿಡಿ ಎಂದಿದ್ದಾರೆ ಡಾ. ಸ್ವರ್ಣಲತಾ. ಐವತ್ತೇಳು ವರ್ಷ ತಿಂದದ್ದಕ್ಕೆ ಯಾರಿಗೂ ಉತ್ತರ ಕೊಡದ ಮನುಷ್ಯ ನಾನು. ಬರೆಯುತ್ತೇನೆ. ಆದರೆ ಅವರಿಗೆ ತೋರಿಸುವುದಿಲ್ಲ, ಕೇಳಿದರೆ ಬಾಯಲ್ಲಿ ಹೇಳಿದರಾಯಿತು.

ತಿಂದದ್ದು: ಬೆಳಿಗ್ಗೆ ಇಲ್ಲ, ಮಧ್ಯಾಹ್ನ ಇಲ್ಲ, ಸೋಮವಾರದ ಒಪ್ಪತ್ತು. ಸಂಜೆ ಲಿಂಗಪೂಜೆಯಾದ ಮೇಲೆ ಅಕ್ಕಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಬೆಣ್ಣೆ, ಅನ್ನ, ಅವರೆಕಾಯಿ ಸಾರು, ಮತ್ತೆ ಅನ್ನ, ಮೊಸರು, ಬಾಳೆಹಣ್ಣು.

ಇಂದು ಮೊದಲ ಸೂಜಿ. ತೂಕ ಇಳಿಸುವ ಮದ್ದು, ನೋಡಲು ದಪ್ಪ ಪೆನ್ನಿನಂತಿದೆ. ವಾರಕ್ಕೊಂದು ಸಲ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳಬೇಕು. ನಾಲ್ಕು ವಾರ ಎರಡೂವರೆ ಮಿಲಿಗ್ರಾಂ, ದೇಹ ಒಗ್ಗಿಕೊಂಡರೆ ಐದು. ನನ್ನ ಮಂಡಿಗಳು ಮುಷ್ಕರ ಹೂಡಿವೆ. ಸಕ್ಕರೆ ಕಾಯಿಲೆ ಹೊಸಿಲಲ್ಲಿ ಬಂದು ನಿಂತಿದೆ. ನನ್ನ ಗೊರಕೆ ತಾಳಲಾರದೆ ಮಂಗಳಾ ಪಕ್ಕದ ಕೋಣೆ ಸೇರಿ ವರ್ಷವಾಯಿತು. ಮಂಡಿಪೇಟೆಯ ನನ್ನ ಪಾತ್ರೆ ಅಂಗಡಿಯಲ್ಲಿ ಏಣಿ ಹತ್ತಿ ಅಟ್ಟದ ಮೇಲಿನ ಕೊಳಗ ಇಳಿಸಲಾಗದೆ, ಕೇಳಿದ ಗಿರಾಕಿಗೆಲ್ಲ ಸ್ಟಾಕ್ ಇಲ್ಲ ಎನ್ನುತ್ತಿದ್ದೇನೆ.

ವಾರದಲ್ಲಿ ಯಾವ ದಿನ ಬೇಕೋ ನೀವೇ ಆರಿಸಿಕೊಳ್ಳಿ ಎಂದರು ಡಾಕ್ಟರು. ಕಾರ್ತಿಕ ಸೋಮವಾರಕ್ಕಿಂತ ಒಳ್ಳೆಯ ದಿನ ಎಲ್ಲಿದೆ? ಒಪ್ಪತ್ತು, ಸೂಜಿ, ಎರಡೂ ಒಂದೇ ದಿನ ಮುಗಿದು ಹೋಗಲಿ ಎಂದುಕೊಂಡೆ. ಒಪ್ಪತ್ತಿನ ವಿಷಯ ಅವರಿಗೆ ಹೇಳಲಿಲ್ಲ. ಅದು ನನಗೂ ಶಿವನಿಗೂ ಸಂಬಂಧಪಟ್ಟದ್ದು. ಕಣ್ಣು ಮುಚ್ಚಿ ಚುಚ್ಚಿಕೊಂಡೆ. ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಪೆನ್ನನ್ನು ಹಳೆಯ ಟಿಫಿನ್ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿ ಮೊಸರಿನ ಹಿಂದೆ ಬಚ್ಚಿಟ್ಟಿದ್ದೇನೆ.

ಇದು ಮನೆ ಬಿಟ್ಟು ಆಚೆ ಹೋಗಬಾರದು ಎಂದು ಹೆಂಡತಿ, ಮಗಳು ಇಬ್ಬರಿಂದಲೂ ಮಾತು ತೆಗೆದುಕೊಂಡೆ. ಕಾರಣವಿದೆ. ತುಮಕೂರಿಂದ ಗುಬ್ಬಿಯವರೆಗೆ ನಾನು ಒಬ್ಬಟ್ಟು ಸದಾಶಿವಯ್ಯ. ಗುಬ್ಬಿಯ ಒಂದು ಮದುವೆಯಲ್ಲಿ ನಾನೆಷ್ಟು ಒಬ್ಬಟ್ಟು ತಿಂದೆ ಎಂಬುದರ ಬಗ್ಗೆ ಊರಲ್ಲಿ ಎರಡು ಅಭಿಪ್ರಾಯಗಳಿವೆ, ಎರಡೂ ಕಡಿಮೆ. ಅದೇ ಮದುವೆಯಲ್ಲಿ ಕುಣಿಗಲ್ಲಿನ ಕರಿಬಸಮ್ಮ ಎಂಬ ಅಜ್ಜಿ ನನ್ನನ್ನು ನೋಡಿ, "ಇಂಗೆ ಮನಸ್ಸಿಟ್ಟು ಉಣ್ಣೋ ಮನೆಯಿಂದ ಹೆಣ್ಣು ತರ್ಬೇಕು" ಎಂದರಂತೆ. ಆ ಮಾತು ಹಿಡಿದುಕೊಂಡು ನನ್ನ ಬಾಮೈದ ಚನ್ನೇಶ ಈಗ ಅವರ ಮೊಮ್ಮಗನ ಸಂಬಂಧ ತಂದಿದ್ದಾನೆ. ಅಂದರೆ ನನ್ನ ಪಲ್ಲವಿಗೆ ಗಂಡು ಬಂದದ್ದೇ ನನ್ನ ಹೊಟ್ಟೆಯ ಹೆಸರಿನಿಂದ. ಇಂಥ ಹೊತ್ತಲ್ಲಿ ಹಸಿವು ಕಡಿಮೆ ಮಾಡುವ ಸೂಜಿ ಹಾಕಿಸಿಕೊಂಡೆ ಎಂದು ಡಂಗುರ ಹೊಡೆಯಲೇ?

ನವೆಂಬರ್ 9, ಭಾನುವಾರ

ತಿಂದದ್ದು: ಹೋಟೆಲಿನಲ್ಲಿ ಮಸಾಲೆ ದೋಸೆ ಒಂದು. ಒಂದೇ ಒಂದು. ಎರಡನೆಯದು ಕೇಳದೆಯೇ ಬಂತು, ನೋಡಿದೆ, ಅದೂ ನನ್ನನ್ನು ನೋಡಿತು. ಮಂಗಳಾ ತಿಂದಳು. ಮಾಣಿ ಬಂದು, "ಸಾರ್, ಇವತ್ತು ಹದ ಕೆಟ್ಟಿದೆಯಾ?" ಎಂದು ಕೇಳಿದ.

ಇನ್ನೊಂದು ಅವಮಾನ. ನನಗೆ ಬರುವ ತೇಗು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿದೆ. ಜನ್ಮದಲ್ಲಿ ಮೊಟ್ಟೆ ಮುಟ್ಟದ ಲಿಂಗವಂತನಿಗೆ ಇದೆಂಥ ಶಿಕ್ಷೆ! ಮಂಗಳಾ ಎರಡು ಸಲ ಮೂಸಿ ನೋಡಿ, "ರೀ, ನಿಜ ಹೇಳಿ, ಅಂಗಡಿ ಪಕ್ಕದ ಗಾಡೀಲಿ ಆಮ್ಲೆಟ್ ತಿಂದ್ರಾ?" ಎಂದಳು. ಲಿಂಗ ಮುಟ್ಟಿ ಪ್ರಮಾಣ ಮಾಡಿದ ಮೇಲೆ ನಂಬಿದಳು.

ನವೆಂಬರ್ 23, ಭಾನುವಾರ

ತಿಂದದ್ದು: ಕೇಸರಿಬಾತು ಒಂದು ಸೌಟು, ಉಪ್ಪಿಟ್ಟು ಅರ್ಧ ತಟ್ಟೆ, ಬಾಳೆಕಾಯಿ ಬಜ್ಜಿ ಒಂದು.

ಕುಣಿಗಲ್ಲಿನವರು ಹೆಣ್ಣು ನೋಡಲು ಉಪ್ಪಾರಹಳ್ಳಿಗೆ, ನಮ್ಮ ಮನೆಗೆ ಬಂದಿದ್ದರು. ಹುಡುಗ ಕಿರಣ್‌ಕುಮಾರ್ ತೋಟಗಾರಿಕೆ ಇಲಾಖೆಯಲ್ಲಿದ್ದಾನೆ. ಮಾತು ಕಡಿಮೆ, ನಗು ಜಾಸ್ತಿ. ಪಲ್ಲವಿ ಗುಬ್ಬಿಯ ಕಾಲೇಜಿನಲ್ಲಿ ಲೆಕ್ಕ ಪಾಠ ಮಾಡುವವಳು, ಎದುರಿಗಿದ್ದವರನ್ನು ನೋಡದೆ ಮಾತನಾಡುವ ಹುಡುಗಿಯಲ್ಲ. ಇಂದು ಮಾತ್ರ ಕಾಫಿ ಲೋಟದೊಳಗೇ ನೋಡುತ್ತಿದ್ದಳು. ಮಂಗಳಾ ನನ್ನ ಕಾಲು ತುಳಿದಳು, ಒಪ್ಪಿಗೆ ಎಂದರ್ಥ.

ಹುಡುಗನ ತಂದೆ ಶಿವರಾಮಯ್ಯನವರು ನನ್ನ ತಟ್ಟೆಯನ್ನೇ ನೋಡುತ್ತಿದ್ದರು. "ಬೀಗ್ರೇ, ನಾಚ್ಕೋಬೇಡಿ. ನಮ್ಮವ್ವ ನಿಮ್ ಸುದ್ದಿ ಎಲ್ಲಾ ಹೇಳವ್ಳೆ. ಮನೆ ನೋಡಕ್ಕೆ ಬನ್ನಿ, ಅವಳೇ ಕೈಯಾರೆ ಒಬ್ಬಟ್ಟು ಮಾಡ್ತಾಳಂತೆ" ಎಂದರು. ಬುಧವಾರ, ಡಿಸೆಂಬರ್ ಮೂರಕ್ಕೆ ಎಂದು ಗೊತ್ತುಮಾಡಿದೆವು. ಅಂದು ಊಟವಾದ ಮೇಲೆ ತಾಂಬೂಲ ಬದಲಾಯಿಸಿಕೊಂಡರೆ ಮಾತು ಗಟ್ಟಿಯಾದಂತೆ.

ಡಿಸೆಂಬರ್ 1, ಸೋಮವಾರ

ತಿಂದದ್ದು: ಹಗಲೆಲ್ಲ ಒಪ್ಪತ್ತು. ಸಂಜೆ ಮೆಣಸಿನಕಾಯಿ ಬೋಂಡಾ, ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅನ್ನ, ಸಾರು, ಶಾವಿಗೆ ಪಾಯಸ.

ಎರಡೂವರೆಯನ್ನು ಗೆದ್ದೆ! ಇಂದಿನಿಂದ ಐದು. ಹೊಸ ಪೆನ್ನು ಬಂತು. ಡಾಕ್ಟರು ಫೋನಿನಲ್ಲಿ, "ಡೋಸ್ ಏರಿಸಿದ ಮೊದಲ ಮೂರ್ನಾಲ್ಕು ದಿನ ಹುಷಾರು, ಸ್ವಲ್ಪ ಸ್ವಲ್ಪ ತಿನ್ನಿ, ಕರಿದದ್ದು ಬೇಡ" ಎಂದರು. ಆಯಿತು ಎಂದೆ. ಬೋಂಡಾ ಕರಿದದ್ದೇ, ಆದರೆ ಗೆದ್ದ ಸಂತೋಷಕ್ಕೆ ಒಂದು ದಿನ. ಹೊಟ್ಟೆ ಬೇಡ ಎನ್ನುತ್ತಿತ್ತು. ಹಗಲೆಲ್ಲ ಖಾಲಿ ಇದ್ದೀಯಾ, ಸುಮ್ಮನೆ ತಿನ್ನು ಎಂದು ಗದರಿದೆ.

ನಾಡಿದ್ದು ಕುಣಿಗಲ್. ಕರಿಬಸಮ್ಮನವರ ಒಬ್ಬಟ್ಟಿಗೆ ಮರ್ಯಾದೆ ಮಾಡಿಯೇ ಬರುತ್ತೇನೆ.

ಡಿಸೆಂಬರ್ 2, ಮಂಗಳವಾರ

ತಿಂದದ್ದು: ಇಲ್ಲ. ಹೊರಗೆ ಹೋದದ್ದು: ಎಲ್ಲ.

ಅಂಗಡಿ ತೆರೆಯಲಿಲ್ಲ.

ಡಿಸೆಂಬರ್ 3, ಬುಧವಾರ

ಎಲ್ಲ ಕೆಡಿಸಿ ಬಂದಿದ್ದೇನೆ.

ಬೆಳಿಗ್ಗೆ ಮಂಗಳಾ, "ಮೈ ಹುಷಾರಿಲ್ಲ ಅಂತ ಹೇಳಿ ಮುಂದಕ್ಕೆ ಹಾಕೋಣ ಕಣ್ರೀ" ಎಂದಳು. ನಾನು ಕೇಳಲಿಲ್ಲ, ಅವಳನ್ನೂ ಪಲ್ಲವಿಯನ್ನೂ ಕಾರು ಹತ್ತಿಸಿದೆ. ಕುಣಿಗಲ್ಲಿನ ಮನೆ ಚೆನ್ನಾಗಿದೆ, ಕೆರೆಯ ಗಾಳಿ ನೇರ ಜಗಲಿಗೆ ಬರುತ್ತದೆ. ಆ ಗಾಳಿಯ ಜೊತೆ ಒಳಗಿನಿಂದ ತುಪ್ಪ ಕಾಸುವ ವಾಸನೆಯೂ ಬಂತು. ಹಿಂದೆಲ್ಲ ಆ ವಾಸನೆಗೆ ನನ್ನ ಕಾಲು ತಾನಾಗಿ ಅಡುಗೆಮನೆಯ ಕಡೆ ತಿರುಗುತ್ತಿತ್ತು. ಇಂದು ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಪಂಕ್ತಿಯಲ್ಲಿ ಮೊದಲ ಎಲೆ ನನ್ನದು. ಕರಿಬಸಮ್ಮನವರು ಬೇರೆ ಯಾರನ್ನೂ ನನ್ನ ಎಲೆಯ ಹತ್ತಿರ ಬಿಡಲಿಲ್ಲ. ಒಂದು ಒಬ್ಬಟ್ಟು ಹೇಗೋ ಇಳಿಯಿತು. ನಾನು ತಲೆಯೆತ್ತುವುದರೊಳಗೆ ಇನ್ನೆರಡು ಬಿದ್ದಿದ್ದವು, ಮೇಲೆ ತುಪ್ಪದ ಧಾರೆ. "ಉಣ್ಣಪ್ಪ, ಉಣ್ಣು. ನೀನು ಉಣ್ಣೋದು ನೋಡಕ್ಕೇ ನಾನು ಒಲೆ ಮುಂದೆ ಕೂತಿದ್ದು" ಎಂದರು. ನನ್ನ ಗಂಟಲಿನಲ್ಲಿ ಏನೋ ಮೇಲೆ ಬಂತು. ಅಂಗಡಿಯಿಂದ ಫೋನು ಎಂದು ಸುಳ್ಳು ಹೇಳಿ, ಪಂಕ್ತಿಯ ನಡುವೆ ಎದ್ದು ಹಿತ್ತಲಿಗೆ ಓಡಿದೆ. ಎಲ್ಲರೂ ಉಂಡು ಮುಗಿಸುವ ಮೊದಲು ಬೀಗ ಎದ್ದರೆ ಏನರ್ಥ ಎಂದು ನನಗೆ ಗೊತ್ತಿಲ್ಲವೇ? ಹಿತ್ತಲಲ್ಲಿ ನಡೆದದ್ದನ್ನು ಬರೆಯುವುದಿಲ್ಲ.

ಮುಖ ತೊಳೆದು ಬಂದು, ಅರ್ಜೆಂಟಾಗಿ ಹೊರಡಬೇಕು ಎಂದೆ. ಮಂಗಳಾ ನಿಜ ಹೇಳಲು ಬಾಯಿ ತೆರೆದಳು, ಕಣ್ಣಲ್ಲೇ ತಡೆದೆ. ಶಿವರಾಮಯ್ಯನವರು ತಾಂಬೂಲದ ತಟ್ಟೆ ಹಿಡಿದು ನಿಂತೇ ಇದ್ದರು. ಇನ್ನೊಂದು ಕ್ಷಣ ನಿಂತರೆ ಅವರ ಮುಂದೆಯೇ ವಾಂತಿಯಾಗುತ್ತಿತ್ತು. ಕೈ ಮುಗಿದು ಕಾರು ಹತ್ತಿದೆ.

ದಾರಿಯಲ್ಲಿ ಕನ್ನಡಿಯಲ್ಲಿ ನೋಡಿದೆ, ಹಿಂದಿನ ಸೀಟಿನಲ್ಲಿ ಪಲ್ಲವಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಡಿಸೆಂಬರ್ 5, ಶುಕ್ರವಾರ

ಚನ್ನೇಶ ಗುಬ್ಬಿಯಿಂದ ಫೋನು ಮಾಡಿದ.

"ಭಾವ, ಏನ್ ಮಾಡ್ಬುಟ್ರಿ? ಹುಡುಗಿ ಅಪ್ಪಂಗೆ ಸಂಬಂಧ ಇಷ್ಟ ಇಲ್ಲ, ಅದ್ಕೇ ತಾಂಬೂಲಾನೂ ಮುಟ್ದೆ ಎದ್ದೋದ್ರು ಅಂತವ್ರೆ. ಅಜ್ಜಿ ನಿಮ್ ಎಲೆ ಎತ್ತಕ್ಕೇ ಬುಟ್ಟಿಲ್ವಂತೆ. ಆ ಎರಡು ಒಬ್ಬಟ್ಟು ನೋಡ್ಕೊಂಡು ಸಾಯಂಕಾಲದವರ್ಗೂ ಕೂತಿದ್ರಂತೆ."

"ಕೆಲಸ ಇತ್ತು ಕಣೋ."

"ಯಾರ್ಗೆ ಹೇಳ್ತೀರ ಭಾವ? ನೀವು ಒಬ್ಬಟ್ಟು ಬುಟ್ಟು ಎದ್ರಿ ಅಂದ್ರೆ ನಾನೇ ನಂಬಲ್ಲ."

ಹದಿನಾರಕ್ಕೆ ಧನುರ್ಮಾಸ ಶುರು. ಅದರೊಳಗೆ ಮಾತು ಗಟ್ಟಿಯಾಗದಿದ್ದರೆ ಸಂಕ್ರಾಂತಿಯವರೆಗೆ ಯಾರೂ ಶುಭಕಾರ್ಯದ ಮಾತೆತ್ತುವುದಿಲ್ಲ. ಅಷ್ಟರಲ್ಲಿ ತಿಪಟೂರಿನ ಕಡೆಯ ಸಂಬಂಧವೊಂದು ಅವರಿಗೆ ಬಂದಿದೆಯಂತೆ.

ಮಂಗಳಾ, "ಈಗಲೇ ಫೋನ್ ಮಾಡಿ ನಿಜ ಹೇಳಿ" ಎನ್ನುತ್ತಾಳೆ. ಏನೆಂದು ಹೇಳಲಿ? ಒಬ್ಬಟ್ಟು ಸದಾಶಿವಯ್ಯನಿಗೆ ಒಬ್ಬಟ್ಟು ಕಂಡರೆ ವಾಂತಿ ಎಂದೇ? ಆ ಪೆನ್ನನ್ನು ಚರಂಡಿಗೆ ಎಸೆದುಬಿಡುತ್ತೇನೆ, ಎಲ್ಲ ಮೊದಲಿನಂತಾಗುತ್ತದೆ ಎಂದೆ. "ಎಸೀರಿ. ಗೊರಕೆನೂ ಮೊದಲಿನಂತಾಗ್ಲಿ" ಎಂದು ಅಡುಗೆಮನೆಗೆ ಹೋದಳು. ಗೊರಕೆ ಕಡಿಮೆಯಾಗಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಡಿಸೆಂಬರ್ 6, ಶನಿವಾರ

ಮಂಗಳಾ ಡಾಕ್ಟರ ಹತ್ತಿರ ಎಳೆದುಕೊಂಡೇ ಹೋದಳು. ಡಾ. ಸ್ವರ್ಣಲತಾ ಹೊಟ್ಟೆ ಒತ್ತಿ ನೋಡಿದರು. ಹೊಟ್ಟೆನೋವು ಬೆನ್ನಿಗೆ ಹೊಡೆಯುತ್ತದೆಯೇ, ನೀರಾದರೂ ನಿಲ್ಲುತ್ತದೆಯೇ ಎಂದೆಲ್ಲ ಕೇಳಿದರು. ಅಂಥದ್ದೇನಿಲ್ಲ. ರಕ್ತ ಪರೀಕ್ಷೆಯೂ ಸರಿಯಿದೆ. ನಿನ್ನೆಯಿಂದ ವಾಂತಿಯೂ ನಿಂತಿದೆ.

"ಹಾಗಾದ್ರೆ ಸೋಮವಾರ ಏನಾಯ್ತು? ಬೆಳಿಗ್ಗೆ ಏನ್ ತಿಂದ್ರಿ?"

ನಾನು ಸೂರು ನೋಡಿದೆ. ಮಂಗಳಾ ಬಾಯಿಬಿಟ್ಟಳು. "ಸೋಮವಾರ ಇವರದ್ದು ಒಪ್ಪತ್ತು, ಮೇಡಂ. ಹಗಲೆಲ್ಲ ಏನೂ ಇಲ್ಲ, ಸಂಜೆ ಎಲ್ಲಾ, ಬೋಂಡಾನೂ ಸೇರಿ."

ಡಾಕ್ಟರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಸದಾಶಿವಯ್ಯನವರೇ, ಈ ಮದ್ದು ಹೊಟ್ಟೆ ಖಾಲಿಯಾಗೋದನ್ನೇ ನಿಧಾನ ಮಾಡುತ್ತೆ. ಮೂರು ಹೊತ್ತಿನದನ್ನ ಒಂದೇ ಹೊತ್ತಿಗೆ, ಅದೂ ಬೋಂಡಾ ಜೊತೆ, ಅದೂ ಡೋಸ್ ಏರಿಸಿದ ದಿನ ತುಂಬಿದ್ರೆ ಅದು ಎಲ್ಲಿಗೆ ಹೋಗ್ಬೇಕು? ಒಪ್ಪತ್ತಿನ ವಿಷಯ ನನಗ್ಯಾಕೆ ಹೇಳ್ಲಿಲ್ಲ?"

ಶಿವನಿಗೂ ನನಗೂ ಸಂಬಂಧಪಟ್ಟದ್ದು ಎನ್ನಲು ಧೈರ್ಯ ಸಾಲಲಿಲ್ಲ.

ಐದನ್ನು ನಿಲ್ಲಿಸಿ ಮತ್ತೆ ಎರಡೂವರೆಗೆ ಇಳಿಸಿದ್ದಾರೆ. ಒಂದು ತಿಂಗಳು ಅದೇ ಇರಲಿ, ಆಮೇಲೆ ಏರಿಸುವ ಮಾತು. ಸೂಜಿಯ ದಿನ ಸೋಮವಾರದಿಂದ ಗುರುವಾರಕ್ಕೆ. ಅವರನ್ನು ಕೇಳದೆ ದಿನ ಬದಲಾಯಿಸಬಾರದು, ನಿಲ್ಲಿಸಲೂಬಾರದು. ಚಿಕ್ಕ ತಟ್ಟೆಯಲ್ಲಿ ನಾಲ್ಕೈದು ಸಲ ತಿನ್ನಬೇಕು, ಸಾಕೆನಿಸಿದ ತುತ್ತಿಗೇ ಕೈ ತೊಳೆಯಬೇಕು. ನೀರನ್ನು ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಬೇಕು. ಉಂಡ ಕೂಡಲೇ ಮಲಗಬಾರದು. ಏಳನೇ ಕ್ಲಾಸಿನಿಂದ ಆರಕ್ಕೆ ಇಳಿಸಿದಂತಾಯಿತು ಎಂದೆ. "ಇದು ಫೇಲ್ ಅಲ್ಲ, ಎಷ್ಟೋ ಜನಕ್ಕೆ ಹೀಗೇ ಮಾಡ್ತೀವಿ" ಎಂದು ನಕ್ಕರು.

ಡಿಸೆಂಬರ್ 8, ಸೋಮವಾರ

ಒಪ್ಪತ್ತಿನದೇ ಚಿಂತೆಯಿತ್ತು. ಮಠದ ಅಯ್ಯನವರಿಗೆ ಫೋನು ಮಾಡಿದೆ. "ಮದ್ದು ತಗೊಳ್ಳೋನಿಗೆ ಎಂಥ ಒಪ್ಪತ್ತಪ್ಪ? ನಿನ್ನ ಪಾಲಿನದನ್ನ ಯಾರಿಗಾದ್ರೂ ಇಕ್ಕು, ಅದೇ ಪೂಜೆ" ಎಂದು ಫೋನಿಟ್ಟರು. ದೊಡ್ಡವರು ಇಷ್ಟು ಸುಲಭವಾಗಿ ಬಿಟ್ಟುಕೊಡುತ್ತಾರೆಂದು ಗೊತ್ತಿದ್ದರೆ ಎಂದೋ ಕೇಳುತ್ತಿದ್ದೆ.

ಸಂಜೆ ಒಂದು ಬಟ್ಟಲು ರಾಗಿ ಗಂಜಿ, ಅಷ್ಟೇ. ನನ್ನದು ಮುಗಿದ ಮೇಲೆ ಏನು ಮಾಡುವುದು? ಮಲಗುವಂತಿಲ್ಲ. ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಬಂತು, ಆರಿಸಿದೆ. ಅಡುಗೆಮನೆಗೆ ಹೋಗಿ ಮಣೆ ಹಾಕಿಕೊಂಡು ಕುಳಿತೆ. ಮಂಗಳಾ ಊಟಕ್ಕೆ ಕುಳಿತಿದ್ದಳು. ಎಲ್ಲರದೂ ಮುಗಿದ ಮೇಲೆ ಉಳಿದ ತಣ್ಣನೆಯ ರೊಟ್ಟಿ, ಅಂಚು ಮುರಿದದ್ದು, ಜೊತೆಗೆ ಪಾತ್ರೆಯ ತಳದ ಸಾರು. "ಬಿಸಿ ಮಾಡ್ಕೋಬಾರ್ದಾ?" ಎಂದೆ. "ಯಾವತ್ತು ಮಾಡ್ಕೊಂಡಿದೀನಿ?" ಎಂದಳು, ದೂರುವ ದನಿಯಲ್ಲಲ್ಲ, ಸುಮ್ಮನೆ. ಮೂವತ್ತು ವರ್ಷ ಪಾತ್ರೆ ಮಾರಿದವನು ನಾನು. ತಳದಲ್ಲಿ ಉಳಿದದ್ದು ಯಾರ ಪಾಲಿಗೆ ಹೋಗುತ್ತದೆಂದು ಯೋಚಿಸಿರಲೇ ಇಲ್ಲ.

ಕೈ ಸುಮ್ಮನಿರಲಿಲ್ಲ. ಕಾವಲಿ ಇಟ್ಟು ಒಂದು ರೊಟ್ಟಿ ತಟ್ಟಿದೆ. ಭೂಪಟದಂತಾಯಿತು. ಬಿಸಿಬಿಸಿ ಹಾಕಿದೆ. ಅವಳು ನನ್ನ ಹಣೆ ಮುಟ್ಟಿ ಜ್ವರ ನೋಡಿದಳು. ಇನ್ನೊಂದು ಹಾಕಿದೆ, ಅದನ್ನೂ ತಿಂದಳು.

ಡಾಕ್ಟರಿಗೆ ಹೇಳಬೇಕಾದ ಒಂದು ವಿಷಯ: ಬಡಿಸುವಾಗ ಓಕರಿಕೆ ಬರುವುದಿಲ್ಲ.

ಡಿಸೆಂಬರ್ 10, ಬುಧವಾರ

ಪಲ್ಲವಿಯನ್ನು ಗುಬ್ಬಿ ಬಸ್ಸಿಗೆ ಬಿಡಲು ದಿನವೂ ನಾನೇ ಹೋಗುತ್ತೇನೆ. ಒಂದು ವಾರದಿಂದ ಅವಳು ಸ್ಕೂಟರಿನ ಹಿಂದೆ ಮೂಟೆಯಂತೆ ಕೂರುತ್ತಿದ್ದಳು. ಇಂದು ಇಳಿದ ಮೇಲೆ ಹೋಗದೆ ನಿಂತಳು.

"ಅಪ್ಪಾಜಿ, ಕಿರಣ್ ಮೆಸೇಜ್ ಮಾಡಿದ್ರು. ನಿಮ್ಮ ತಂದೆಗೆ ನಾವು ಇಷ್ಟ ಆಗ್ಲಿಲ್ವಾ ಅಂತ."

"ನೀನೇನಂದೆ?"

"ಏನೂ ಅಂದಿಲ್ಲ. ನಿಮಗೆ ಮಾತು ಕೊಟ್ಟಿದೀನಿ, ಅದಕ್ಕೆ ನಿಜ ಹೇಳೋ ಹಾಗಿಲ್ಲ. ಅವರಿಗೆ ಸುಳ್ಳು ಹೇಳೋಕೆ ನನಗೆ ಇಷ್ಟ ಇಲ್ಲ." ಬಸ್ಸಿನ ಕಡೆ ನೋಡಿ ಮತ್ತೆ ನನ್ನ ಕಡೆ ತಿರುಗಿದಳು. "ನನಗೆ ಅವರು ಇಷ್ಟ ಆಗಿದಾರೆ ಅಪ್ಪಾಜಿ. ಅವರು ಕೈ ತಪ್ಪಿ ಹೋಗೋದಾದ್ರೆ ಬೇರೆ ಯಾವುದಕ್ಕಾದ್ರೂ ಹೋಗ್ಲಿ. ಎರಡು ಒಬ್ಬಟ್ಟಿಗೆ ಬೇಡ."

ಬಸ್ಸು ಹೋದ ಮೇಲೂ ಸ್ಕೂಟರಿನ ಮೇಲೆ ಕೂತೇ ಇದ್ದೆ. ಆಟೋದವನು ಬಂದು, "ಯಜಮಾನ್ರೇ, ಗಾಡಿ ಆಫ್ ಆಗೈತೆ" ಎಂದ. ಅಂಗಡಿಗೆ ಹೋಗುವ ಮೊದಲೇ ಚನ್ನೇಶನಿಗೆ ಫೋನು ಮಾಡಿದೆ. ಭಾನುವಾರ ಕುಣಿಗಲ್ಲಿಗೆ ಬರುತ್ತೇವೆ, ಊಟಕ್ಕೇ ಬರುತ್ತೇವೆ ಎಂದು ತಿಳಿಸು ಎಂದೆ.

ಡಿಸೆಂಬರ್ 11, ಗುರುವಾರ

ಎರಡೂವರೆ. ಬೆಳಿಗ್ಗೆ ಇಡ್ಲಿ ತಿಂದು, ಸಂಜೆ ಚುಚ್ಚಿಕೊಂಡೆ. ಪೆಪ್ಪರುಮಿಂಟು ಚೀಪುತ್ತಾ ಮನೆಯ ಮುಂದೆ ಅಡ್ಡಾಡಿದೆ. ಲೋಕ ತಲೆಕೆಳಗಾಗಲಿಲ್ಲ.

ಡಿಸೆಂಬರ್ 12, ಶುಕ್ರವಾರ

ಸ್ವಲ್ಪ ಸಂಕಟ, ಶುಂಠಿ ಹಾಕಿದ ಮಜ್ಜಿಗೆಗೆ ಹೋಯಿತು. ಕೋರ ಹಳ್ಳಿಯಿಂದ ಒಬ್ಬರು ಬಂದು ಮದುವೆಗೆ ದೊಡ್ಡ ಕೊಳಗ ಕೇಳಿದರು. ಅಟ್ಟ ಹತ್ತಿ ಇಳಿಸಿ ಕೊಟ್ಟೆ. ಅವರ ಮಗಳಿಗೆ ಮದುವೆಯಂತೆ. ಅವರು ಅಳುತ್ತಲೂ ನಗುತ್ತಲೂ ಕೊಳಗ ಬಡಿದು ನೋಡುತ್ತಿದ್ದರು. ಸೌಟು ಎರಡು ನನ್ನ ಕಡೆಯಿಂದ ಇರಲಿ ಎಂದೆ.

ಡಿಸೆಂಬರ್ 14, ಭಾನುವಾರ

ನಾವು ಮೂವರೂ ಚನ್ನೇಶನೂ ಹೋಗಿ ಬಂದೆವು! ಎಲ್ಲಿಂದ ಬರೆಯಲಿ?

ಶಿವರಾಮಯ್ಯನವರು ಬಾಗಿಲಲ್ಲಿ ಕೈ ಮುಗಿದರು, ನಗಲಿಲ್ಲ. ಕರಿಬಸಮ್ಮನವರು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು, ತಲೆಯೆತ್ತಲಿಲ್ಲ. ನಾನು ಕುರ್ಚಿ ಬೇಡವೆಂದು ಅವರ ಪಕ್ಕ ನೆಲದ ಮೇಲೇ ಕುಳಿತು ಟಿಫಿನ್ ಡಬ್ಬಿ ತೆರೆದೆ. ಪೆನ್ನು ತೆಗೆದು ಅವರೆಕಾಯಿ ಮೊರದ ಪಕ್ಕ ಇಟ್ಟೆ.

"ಇದೇನಪ್ಪ, ಪೆನ್ನು?"

"ಮದ್ದು ಅವ್ವ. ಸೂಜಿ. ತೂಕ ಇಳಿಸೋಕೆ. ಹಸಿವು ಕಮ್ಮಿಯಾಗುತ್ತೆ. ಅವತ್ತು ಇದರ ಡೋಸ್ ಏರಿಸಿದ್ದೆ. ತಡ್ಕೊಳ್ಳೋಕಾಗ್ಲಿಲ್ಲ, ಅದಕ್ಕೇ ಎದ್ದೆ. ಫೋನ್ ಬಂದಿತ್ತು ಅಂದಿದ್ದು ಸುಳ್ಳು. ನಿಮ್ಮ ಸಂಬಂಧ ಬೇಡ ಅಂತಲ್ಲ ಅವ್ವ. ನಾಚಿಕೆ ಆಯ್ತು, ಅಷ್ಟೇ."

ಅವರು ಕೈಯಲ್ಲಿದ್ದ ಕಾಯಿ ಬಿಟ್ಟು ನನ್ನನ್ನು ನೋಡಿದರು. "ಹಸಿವು ಕಮ್ಮಿಯಾಗಕ್ಕೆ ಸೂಜಿ ಹಾಕ್ಕೊಂಡು, ನನ್ ಒಬ್ಬಟ್ಟಿಗೆ ಬಂದು ಕೂತ್ಕಂಡ್ಯಾ?"

"ಹೂಂ ಅವ್ವ."

"ಫೋನ್ ಇಲ್ದಿದ್ರೆ ಹಿತ್ಲಲ್ಲಿ ಏನ್ ಮಾಡ್ದೆ?"

"ವಾಂತಿ."

"ಎಲ್ಲಿ?"

"ಕರಿಬೇವಿನ ಗಿಡದ ಬುಡಕ್ಕೆ."

"ಅಯ್ಯೋ ನಿನ್ ಮನೆ ಕಾಯ್ವಾಗ! ಅವತ್ತಿಂದ ಅದೇ ಗಿಡದ್ದೇ ಕಿತ್ತು ಒಗ್ಗರಣೆ ಹಾಕ್ತಾ ಇದೀನಲ್ಲೋ!"

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ನಗತೊಡಗಿದರು. ಮೊರ ಉರುಳಿ ಅವರೆಕಾಳು ಜಗಲಿಯ ತುಂಬ ಚೆಲ್ಲಿತು. ಶಿವರಾಮಯ್ಯನವರು ಕಂಬ ಹಿಡಿದುಕೊಂಡು ನಕ್ಕರು. ಚನ್ನೇಶ ನೆಲದ ಮೇಲೇ ಕುಸಿದ. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು. ನೋಡಿದರೆ ಅಜ್ಜಿಯ ಕಣ್ಣಲ್ಲೂ ನೀರಿತ್ತು, ಅದು ನಗುವಿನದು ಮಾತ್ರವಲ್ಲ.

"ನಾನೇನಂದ್ಕೊಂಡಿದ್ದೆ ಗೊತ್ತೇನಪ್ಪ? ವಯಸ್ಸಾಯ್ತು, ಕೈರುಚಿ ಹೋಯ್ತು ಅಂದ್ಕೊಂಡೆ. ಅಷ್ಟು ಉಣ್ಣೋ ಮನುಷ್ಯನೇ ಬುಟ್ಟು ಎದ್ದ ಅಂದ್ರೆ, ಇನ್ನು ಈ ಕೈ ಒಲೆ ಮುಂದೆ ಹೋಗ್ಬಾರ್ದು ಅಂತ. ಅವತ್ತಿಂದ ಒಬ್ಬಟ್ಟಿನ ಹಿಟ್ಟು ಮುಟ್ಟಿಲ್ಲ ಕಣಪ್ಪ. ಎಲೆ ಮ್ಯಾಲಿದ್ದ ಆ ಎರಡನ್ನ ನಾನೇ ಮುರ್ಕೊಂಡು ತಿಂದು ನೋಡ್ದೆ. ಏನ್ ಕೆಟ್ಟೈತೆ ಅಂತ ಗೊತ್ತಾಗ್ಲಿಲ್ಲ."

ನನ್ನ ಮರ್ಯಾದೆ, ನನ್ನ ಹೆಸರು ಎಂದು ನಾನು ಒದ್ದಾಡುತ್ತಿದ್ದಾಗ ಈ ಹೆಂಗಸು ತನ್ನ ಕೈಯನ್ನೇ ಅನುಮಾನಿಸಿಕೊಂಡು ಕೂತಿದ್ದರು. ನಾನು ಆ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡೆ. "ಅವ್ವ, ಇವತ್ತು ಒಬ್ಬಟ್ಟು ಮಾಡಿ. ನನಗೆ ಉಣ್ಣೋಕಾಗಲ್ಲ. ಆದ್ರೆ ಮಾಡಿ."

"ಉಣ್ಣಕ್ಕಾಗ್ದಿದ್ರೆ ಮತ್ತೇನ್ ಮಾಡ್ತೀಯಾ?"

"ಬಡಿಸ್ತೀನಿ."

ಶಿವರಾಮಯ್ಯನವರು, "ಬೀಗ್ರು ಇಕ್ಕೋದಾ? ನೋಡ್ದೋರು ಏನಂದಾರು?" ಎಂದು ಅಡ್ಡ ಬಂದರು. "ಬುಡ್ಲಾ, ಇಕ್ಲಿ" ಎಂದರು ಅಜ್ಜಿ.

ಬೇಳೆ ಬೇಯುವ ಹೊತ್ತಿಗೆ ಶಲ್ಯ ಸೊಂಟಕ್ಕೆ ಕಟ್ಟಿಕೊಂಡೆ. ಅಜ್ಜಿಯೇ ಹೂರಣ ತುಂಬಿ ತಟ್ಟಿದರು, ಕೊನೆಯ ಒಬ್ಬಟ್ಟುಗಳನ್ನು ಮಾತ್ರ ಮಂಗಳಾಳೂ ಶಿವರಾಮಯ್ಯನವರ ಹೆಂಡತಿಯೂ ಬೇಯಿಸಲು ನಿಂತರು. ಮೊದಲ ಎಲೆಯ ಮುಂದೆ ನಾನು ಕರಿಬಸಮ್ಮನವರನ್ನು ಕೂರಿಸಿದೆ. ಬೇಡ ಬೇಡ ಎಂದು ಎರಡು ಸಲ ಎದ್ದರು. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲ ಪಂಕ್ತಿಯಲ್ಲಿ ಕೂತದ್ದೇ ಇಲ್ಲವಂತೆ. ಅವರ ಪಾಲಿಗೆ ಬಂದ ಒಬ್ಬಟ್ಟೆಲ್ಲ ತಣ್ಣಗಾದದ್ದೇ. ಕಾವಲಿಯಿಂದ ನೇರ ತಂದು ಎಲೆಗೆ ಹಾಕಿದೆ, ತುಪ್ಪ ಬಿಟ್ಟೆ. ಬಡಿಸುವುದು ನನಗೆ ಯಾರೂ ಕಲಿಸಬೇಕಿಲ್ಲ. ಬಡಿಸಿಕೊಂಡೇ ದೊಡ್ಡವನಾದವನು ನಾನು. ಮೊದಲನೆಯದು ಅರ್ಧ ಆದಾಗಲೇ ಎರಡನೆಯದರ ಜೊತೆ ಎದುರಿಗಿರಬೇಕು. ಬೇಡ ಎಂದ ಬಾಯಿ ನೋಡಬಾರದು, ಕಣ್ಣು ನೋಡಬೇಕು. ಕಣ್ಣೂ ಬೇಡ ಎಂದರೆ ಮಾತ್ರ ಮುಂದಿನ ಎಲೆಗೆ ಹೋಗಬೇಕು. ಈ ಕೊನೆಯದು ಹೊಸದಾಗಿ ಕಲಿತದ್ದು.

ಅಜ್ಜಿ ಒಂದು ತುತ್ತು ಮುರಿದು ಬಾಯಿಗಿಟ್ಟರು. "ಕೈರುಚಿ ಹೆಂಗೈತೆ ಅವ್ವ?" ಎಂದೆ. "ಬಿಸೀದು ಇಷ್ಟು ಚೆಂದಾಗಿರುತ್ತಾ?" ಎಂದರು.

ಉಂಡಾದ ಮೇಲೆ ತಾಂಬೂಲದ ತಟ್ಟೆ ತಾನೇ ತರುವೆನೆಂದು ಅಜ್ಜಿ ಎದ್ದರು. ಎಲೆ, ಅಡಿಕೆ, ತೆಂಗಿನಕಾಯಿ ಬದಲಾಯಿಸಿಕೊಂಡೆವು. ಪಲ್ಲವಿ ಈ ಸಲ ಲೋಟದೊಳಗೆ ನೋಡಲಿಲ್ಲ, ನೇರ ಕಿರಣನನ್ನೇ ನೋಡಿ ನಕ್ಕಳು. ಸಂಕ್ರಾಂತಿ ಕಳೆದ ಮೇಲೆ ಮದುವೆ. ಪಂಚಾಂಗ ನೋಡುವಾಗ ಅಜ್ಜಿ ಕೇಳಿದರು.

"ನಿನ್ ಸೂಜಿ ಯಾವತ್ತು?"

"ಗುರುವಾರ ಅವ್ವ."

"ಹಂಗಾದ್ರೆ ಶುಕ್ರವಾರ, ಶನಿವಾರ ಬ್ಯಾಡ. ಬುಧವಾರದ ಲಗ್ನ ನೋಡು ಶಿವರಾಮ. ಡೋಸು ಏರ್ಸೋ ವಾರಾನೂ ಬ್ಯಾಡ. ರಾಹುಕಾಲದ ಜೊತೆ ಇವ್ರ ಸೂಜಿಕಾಲಾನೂ ನೋಡ್ಬೇಕಾಯ್ತಲ್ಲಪ್ಪ!"

ಹೊರಡುವಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಹೊಟ್ಟೆ ತಣ್ಣಗಿರ್ಲಿ ಕಣಪ್ಪ" ಎಂದರು.

ಮನೆಗೆ ಬಂದೆವು. ಡಾಕ್ಟರು ಹೇಳಿದಂತೆ ಬರೆಯಬೇಕು. ಎಷ್ಟೋ ದಿನದಿಂದ ಸರಿಯಾಗಿ ಬರೆದಿಲ್ಲ.

ತಿಂದದ್ದು: ಕರಿಬಸಮ್ಮನವರು ಒಬ್ಬಟ್ಟು ಮೂರು, ಮೂರನೆಯದಕ್ಕೆ ಕೈ ಅಡ್ಡ ಹಿಡಿದರೂ ಕಣ್ಣು ಬೇಕು ಎಂದಿತು. ಮಂಗಳಾ ಎರಡು, ಬಿಸಿಬಿಸಿ. ಶಿವರಾಮಯ್ಯನವರು ನಾಲ್ಕು, ಹಾಲು ಹಾಕಿಕೊಂಡು. ಚನ್ನೇಶನದು ಬರೆಯಲು ಜಾಗ ಸಾಲದು. ಪಲ್ಲವಿ ಒಂದೂವರೆ. ಉಳಿದರ್ಧ ಯಾರ ಎಲೆಗೆ ಹೋಯಿತೆಂದು ನಾನು ನೋಡಲಿಲ್ಲ ಎಂದುಕೊಂಡಿದ್ದಾರೆ.

ನಾನು ಏನು ತಿಂದೆ? ನೆನಪಿಗೆ ಬರುತ್ತಿಲ್ಲ. ಅಡುಗೆಮನೆಗೆ ಹೋಗಿ ಮಂಗಳಾಳನ್ನು ಕೇಳಿದೆ.

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ರೀ, ನಿಮ್ಮನ್ನ ಯಾರೂ ಉಣ್ಣಿ ಅನ್ಲೇ ಇಲ್ವಲ್ಲಾ!"

ಐವತ್ತೇಳು ವರ್ಷದಲ್ಲಿ ಇದೇ ಮೊದಲು. ಇಬ್ಬರೂ ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕೆವು. ಈಗ ಒಂದು ಬಟ್ಟಲು ಮೊಸರನ್ನ ಕಲಸಿ ನನ್ನ ಪಕ್ಕ ತಂದಿಟ್ಟಿದ್ದಾಳೆ. ಬರೆದದ್ದು ಸಾಕು, ಹಸಿವಾಗುತ್ತಿದೆ.